ಮೂಗು ಹುಡುಕಿಕೊಂಡು ಮಾರ್ಕೆಟ್ಟಿಗೆ

ಪರ್ಸಿನ ತಳದಲ್ಲಿ ನಿನ್ನೆ ಒಂದು ಇಂಗಿನ ಡಬ್ಬಿ ಸಿಕ್ಕಿತು. ನಾನು ಹುಡುಕುತ್ತಿದ್ದದ್ದು ರೈಲಿನ ಪಾಸನ್ನು. ಪಾಸು ಸಿಗಲಿಲ್ಲ, ಡಬ್ಬಿ ಸಿಕ್ಕಿತು. ಸಿಕ್ಕಿದ್ದೇ ತಡ, ಈ ವರ್ಷ ಹೋಳಿಹುಣ್ಣಿಮೆಯಿಂದ ಕಾರಹುಣ್ಣಿಮೆಯವರೆಗೆ ನಾನು ಪಟ್ಟ ಪಾಡೆಲ್ಲ ಒಂದರ ಹಿಂದೊಂದು ನೆನಪಾಗಿ ಪ್ಲಾಟ್‌ಫಾರ್ಮಿನ ಮೇಲೆ ಒಬ್ಬಳೇ ನಿಂತು ನಕ್ಕೆ. ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ಆಚೆ ಸರಿದು ನಿಂತಳು. ಅವಳು ಸರಿದದ್ದು ನಗುವಿಗೋ ಇಂಗಿಗೋ ಗೊತ್ತಾಗಲಿಲ್ಲ. ಕುಳಿತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಹೇಳುವಾಗಲೂ ಹಾಗೇ ಅಲ್ಲಿ ಇಲ್ಲಿ ಹಾಯುತ್ತೇನೆ. ನೀವು ಸಹಿಸಿಕೊಳ್ಳಬೇಕು.

ಅದು ಪುಡಿ ಇಂಗಲ್ಲ, ಗಟ್ಟಿ ಇಂಗು. ತುರ್ಭೆಯ ಮಸಾಲೆ ಮಾರ್ಕೆಟ್ಟಿನಲ್ಲಿ ಕೊಂಡದ್ದು. ಅವತ್ತು ಮಧ್ಯಾಹ್ನ ಠಾಣೆಯಲ್ಲಿ ಗಾಡಿ ಬದಲಿಸಿ ಹೆಂಗಸರ ಡಬ್ಬಿಯಲ್ಲಿ ಡೊಂಬಿವಲಿಗೆ ಬರುತ್ತಿದ್ದೆ. ಕಳವಾ ದಾಟುವಷ್ಟರಲ್ಲಿ ಎದುರಿನ ಸೀಟಿನವಳು ಓಢಣಿಯಿಂದ ಮೂಗು ಮುಚ್ಚಿಕೊಂಡಳು. ಮುಂಬ್ರಾದ ಹತ್ತಿರ ಖಾಡಿಯಲ್ಲಿ ಸಮುದ್ರದ ಹಿನ್ನೀರು ಇಳಿದು ಕೆಸರು ನಾರುವಾಗ ಎಲ್ಲರೂ ಮೂಗು ಮುಚ್ಚಿಕೊಳ್ಳುವುದು ರೂಢಿಯೇ. ನಾನೂ ಸೆರಗು ಎಳೆದು ಮುಚ್ಚಿಕೊಂಡೆ. ಖಾಡಿ ಹಿಂದೆ ಹೋಯಿತು, ಗುಡ್ಡ ಬಂತು, ದಿವಾ ಬಂತು. ಯಾರೂ ಓಢಣಿ ತೆಗೆಯಲೊಲ್ಲರು. "ಹಿಂಗ್ ಕೌನ್ ಲೇಕೆ ಚಢಾ ಹೈ, ಬಾಬಾ?" ಇಂಗು ಹಿಡಿದು ಹತ್ತಿದವರು ಯಾರು ಎಂದು ಬಾಗಿಲಿನ ಹತ್ತಿರದಿಂದ ಒಬ್ಬಳು ಕೂಗಿದಳು. ನಾನು ಕೂಡಲೇ ಹಿಂದೆ ತಿರುಗಿ ಒಂದು ಬಡಪಾಯಿ ಮೀನುಬುಟ್ಟಿಯವಳನ್ನು ದುರುಗುಟ್ಟಿ ನೋಡಿ, "ಕ್ಯಾ ಕ್ಯಾ ಲೇಕೆ ಆತೇ ಹೈ ಲೋಗ್," ಏನೇನೋ ತರುತ್ತಾರೆ ಜನ ಎಂದು ಬೇರೆ ಅಂದೆ. ಡೊಂಬಿವಲಿಯಲ್ಲಿ ಇಳಿದಾಗ ಕಾಲೇಜಿನ ಹುಡುಗಿಯೊಬ್ಬಳು ಮೆಲ್ಲಗೆ ಹತ್ತಿರ ಬಂದು, "ಆಂಟಿ, ವಾಸ ತುಮಚ್ಯಾ ಪರ್ಸಮಧೂನ್ ಯೇತೋಯ್," ಅಂದಳು. ವಾಸನೆ ಬರುತ್ತಿದ್ದದ್ದು ನನ್ನ ಪರ್ಸಿನಿಂದಲೇ; ಇಂಗಿನ ಡಬ್ಬಿಯ ಮುಚ್ಚಳ ತೆರೆದುಕೊಂಡಿತ್ತು. ಪರ್ಸು ಅಷ್ಟು ಹೊತ್ತೂ ನನ್ನ ತೊಡೆಯ ಮೇಲೆ, ಮೂಗಿನಿಂದ ಒಂದು ಮೊಳದ ದೂರದಲ್ಲಿ ಇತ್ತು.

ಆ ಹುಡುಗಿಗೆ ನಾನು ಏನೆಂದು ಹೇಳಲಿ? ನಾನು ಸುಳ್ಳು ಹೇಳಿರಲಿಲ್ಲ. ನನಗೆ ನಿಜವಾಗಿ ವಾಸನೆ ಬರುತ್ತಿರಲಿಲ್ಲ. ಇಂಗಿನದೂ ಇಲ್ಲ, ಖಾಡಿಯದೂ ಇಲ್ಲ, ನನ್ನ ಮೈಯ ಸೋಪಿನದೂ ಇಲ್ಲ. ಹೋಳಿಯ ವಾರದಲ್ಲಿ ನಾಲ್ಕು ದಿನ ಜ್ವರ ಬಂದಿತ್ತು. ಹೋಗುವಾಗ ಮೂಗನ್ನು ಜೊತೆಗೆ ಕರೆದುಕೊಂಡು ಹೋಯಿತು. ನಾಲಿಗೆಯೂ ಅರ್ಧ ಮಂಕಾಯಿತು. ಉಪ್ಪು ಉಪ್ಪೆಂದು ಗೊತ್ತಾಗುತ್ತಿತ್ತು, ಎಷ್ಟೆಂದು ಗೊತ್ತಾಗುತ್ತಿರಲಿಲ್ಲ.

ಬೇರೆ ಯಾರದಾದರೂ ಮೂಗು ಹೋಗಿದ್ದರೆ ಇಷ್ಟು ದೊಡ್ಡ ಸುದ್ದಿಯಲ್ಲ. ನನ್ನ ವಿಷಯದಲ್ಲಿ ಅದು, ಏನು ಹೇಳಲಿ, ಮನೆಯ ಆಸ್ತಿಯೇ ಹೋದ ಹಾಗೆ. ನಾನು ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ವಿಜಯಪುರದ ಕಡೆಯಿಂದ ಬಂದ ನಮ್ಮಪ್ಪ ಅಲ್ಲಿಯ ಹಳೇ ಪೇಟೆಯಲ್ಲಿ ಜೋಳ ಮತ್ತು ಬೇಳೆಯ ಅಂಗಡಿ ಇಟ್ಟಿದ್ದ. ಶಾಲೆ ಬಿಟ್ಟ ಕೂಡಲೇ ನಾನು ಅಂಗಡಿಗೆ ಹೋಗಿ ಚೀಲಗಳ ಮೇಲೆ ಹತ್ತಿ ಕುಣಿಯುತ್ತಿದ್ದೆ. ಹೊಸ ಚೀಲ ಬಂದರೆ ಅಪ್ಪ ಬಾಯಿ ಬಿಚ್ಚಿ, ಒಂದು ಬೊಗಸೆ ಜೋಳ ತೆಗೆದು ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದ. "ಏನಂತದವ್ವಾ ಈ ಚೀಲ?" ನಾನು ದೊಡ್ಡ ಪಂಡಿತಳ ಹಾಗೆ ಕಣ್ಣು ಮುಚ್ಚಿ, "ಇದು ಮಳ್ಯಾಗ ತೊಯ್ದದ," ಎನ್ನುತ್ತಿದ್ದೆ, ಇಲ್ಲವೆ "ಇದರ ಬಾಜೂಕ ಮೆಣಸಿನಕಾಯಿ ಇಟ್ಟಿದ್ರು" ಎನ್ನುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಖರೇ ಆಗುತ್ತಿತ್ತು. ಉಳಿದ ಎರಡು ಸಲ ಅಪ್ಪ ಖರೇ ಮಾಡುತ್ತಿದ್ದ. ಲಾರಿಯವನನ್ನು ಕರೆದು, ನನ್ನ ಮಗಳು ಹೇಳಿದ ಮೇಲೆ ಮುಗಿಯಿತು ಎಂದು ಜಗಳಕ್ಕೆ ನಿಲ್ಲುತ್ತಿದ್ದ. ಆ ಲಾರಿಯವರ ಶಾಪವೇ ಈಗ ತಟ್ಟಿತೇನೋ.

ನನ್ನ ಮದುವೆ ಕೂಡ ಈ ಮೂಗಿನಿಂದಲೇ ಆದದ್ದು. ಹೆಣ್ಣು ನೋಡಲು ಅತ್ತೆ ಬಂದಿದ್ದರು. ನಾನು ಎದುರು ಕುಳಿತು ತಲೆ ತಗ್ಗಿಸಿದ್ದವಳು ಇದ್ದಕ್ಕಿದ್ದಂತೆ, "ಒಳಗ ಹಾಲು ತಳಾ ಹತ್ಲಿಕತ್ತದ," ಎಂದು ಎದ್ದು ಓಡಿದೆ. ವಾಪಸ್ ಬರುವಷ್ಟರಲ್ಲಿ ಅತ್ತೆ ತಮ್ಮ ಕಡೆಯಿಂದ ಒಪ್ಪಿಗೆ ಹೇಳಿಯಾಗಿತ್ತು. ಹುಡುಗನನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಅತ್ತೆಗೆ ಅಂಥ ಮೂಗು ಏಕೆ ಬೇಕಿತ್ತು ಎಂದರೆ, ಅವರ ಮನೆಯ ಪದ್ಧತಿ ಹಾಗೆ. ದೇವರಿಗೆ ನೈವೇದ್ಯವಾಗುವ ತನಕ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ದಿನದ ಅಡುಗೆಗೇ ಈ ಕಟ್ಟು. ಇನ್ನು ಶ್ರಾದ್ಧದ ಅಡುಗೆಯೆಂದರೆ ಕೇಳಲೇಬೇಡಿ, ಮಡಿಯಲ್ಲಿ ಮಾಡಬೇಕು, ಪಿತೃಗಳಿಗೆ ಎಡೆಯಾಗುವ ತನಕ ನಾಲಿಗೆಗೆ ಒಂದು ಹನಿ ತಾಕಬಾರದು. ಹಾಗಾದರೆ ಉಪ್ಪು ಹುಳಿ ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಹಬೆಯಿಂದ. ಉಪ್ಪು ಬೀಳದ ಸಾರಿನ ಹಬೆ ಬೇರೆ, ಬಿದ್ದ ಸಾರಿನ ಹಬೆ ಬೇರೆ. ಉಪ್ಪಿಗೆ ವಾಸನೆಯೇ ಇಲ್ಲವೆಂದು ನನ್ನ ಮಗಳು ಮೊಬೈಲಿನಲ್ಲಿ ತೆರೆದು ತೋರಿಸಿದ್ದಾಳೆ. ಮೊಬೈಲು ಶ್ರಾದ್ಧದ ಅಡುಗೆ ಮಾಡಿಲ್ಲ. ಅತ್ತೆ ಮೂವತ್ತು ವರ್ಷ ಹಬೆಯ ಮೇಲೆಯೇ ಅಡುಗೆ ಮಾಡಿದರು, ಮೊಣಕಾಲು ಹಿಡಿದ ಮೇಲೆ ಸೌಟು ನನ್ನ ಕೈಗೆ ಕೊಟ್ಟರು. ಮಾವನವರ ಶ್ರಾದ್ಧ ಬರುವುದು ಕಾರಹುಣ್ಣಿಮೆ ಕಳೆದು ಐದನೆಯ ದಿನ. ಹದಿನಾಲ್ಕು ವರ್ಷ ಆ ಅಡುಗೆಯನ್ನು ನಾನೇ ಮಾಡಿದ್ದೇನೆ, ಒಂದು ಸಲವೂ ಹೆಚ್ಚುಕಡಿಮೆ ಆಗಿಲ್ಲ. "ನಿನ್ನ ಮೂಗು ಇರೂತನಕಾ ನನಗ ಅವರ ಚಿಂತಿಲ್ಲ," ಎಂದು ಅತ್ತೆ ಬಂದವರ ಮುಂದೆ ಹೇಳುತ್ತಿದ್ದರು. ಮಾವನವರು ಊಟದ ವಿಷಯದಲ್ಲಿ ಬಹಳ ಶಿಸ್ತಿನ ಮನುಷ್ಯ. ಬದುಕಿದ್ದಾಗ ಸಾರಿನಲ್ಲಿ ಉಪ್ಪು ತಪ್ಪಿದರೆ ಮಾತಾಡದೆ ತಟ್ಟೆಗೆ ಕೈ ಮುಗಿದು ಏಳುತ್ತಿದ್ದರಂತೆ. ಸತ್ತ ಮೇಲೆ ವರ್ಷಕ್ಕೊಮ್ಮೆ ಬರುವವರು ಹಾಗೆ ಎದ್ದು ಹೋದರೆ ಅತ್ತೆ ಅದನ್ನು ತಾಳಿಕೊಳ್ಳಲಾರರು. ನನಗೆ ನಿದ್ದೆ ಕೆಡಿಸಿದ್ದು ಇದು.

ಅದಕ್ಕೇ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಚಮಚದ ಅಳತೆಯಲ್ಲಿ ಉಪ್ಪು ಹಾಕತೊಡಗಿದೆ. ಹಾಕಿದ್ದೇನೋ ಇಲ್ಲವೋ ಎಂದು ಅನುಮಾನ ಬಂದು ಮತ್ತೊಮ್ಮೆ ಹಾಕುತ್ತಿದ್ದೆ. ನಮ್ಮ ಮನೆಯವರು ಕಣ್ಣು ಮೊಬೈಲಿನಲ್ಲಿಟ್ಟು ಊಟ ಮಾಡುವವರು, ಅವರಿಗೆ ಏನು ಬಡಿಸಿದರೂ ನಡೆಯುತ್ತದೆ. ಮಗಳು ಎರಡು ಹೊತ್ತೂ ಆಫೀಸಿನಲ್ಲೇ ಉಣ್ಣುವವಳು. ಅತ್ತೆಯದೇ ಭಯವಿತ್ತು. ದಿನಾ ಒಂದು ಹೆಸರಿಡದೆ, ತಪ್ಪು ತೆಗೆಯದೆ, ಕೈ ತೊಳೆಯುವವರಲ್ಲ ಅವರು: ಬೇಳೆ ಬೇಯಲಿಲ್ಲ, ಒಗ್ಗರಣೆ ಸೀದಿತು, ಹುಣಸೆ ಹಳೆಯದು. ಆದರೆ ಆ ಮೂರು ತಿಂಗಳು ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಹಾಕಿದ್ದನ್ನು ಉಂಡು ಎದ್ದುಹೋಗುತ್ತಿದ್ದರು. ನಾನು ಪಾಸಾದೆ ಎಂದುಕೊಂಡೆ. ಅವರು ಬೆಳಗ್ಗೆ ಬೆಳಗ್ಗೆ ಬಚ್ಚಲಲ್ಲಿ ನಿಂತು ನಾಲಿಗೆಯನ್ನು ಉಜ್ಜಿ ಉಜ್ಜಿ ತೊಳೆಯುವುದನ್ನು ನೋಡಿದ್ದೆ. ವಯಸ್ಸಾದವರ ಒಂದು ಚಟ ಅಂದುಕೊಂಡು ಸುಮ್ಮನಿದ್ದೆ.

ಕಿವಿ ಮೂಗಿನ ಡಾಕ್ಟರು ಚಿಕ್ಕ ವಯಸ್ಸಿನವನು. "ಯೇಈಲ್ ಪರತ್, ಆಂಟಿ. ಕಧೀ ತೇ ಸಾಂಗತಾ ಯೇತ್ ನಾಹಿ," ಅಂದ. ವಾಪಸ್ ಬರುತ್ತದೆ, ಯಾವಾಗ ಎಂದು ಹೇಳಲಾಗದು. ಇದನ್ನೇ ನಮ್ಮ ಲೋಕಲ್ ಗಾಡಿಯ ವಿಷಯಕ್ಕೂ ಹೇಳಬಹುದು, ಅದಕ್ಕೆ ಡಾಕ್ಟರು ಬೇಕಾಗಿಲ್ಲ. ದಿನಕ್ಕೆ ಎರಡು ಸಲ ಲವಂಗ, ನಿಂಬೆ, ಗುಲಾಬಿ ಮತ್ತು ನೀಲಗಿರಿ ಎಣ್ಣೆ ಮೂಸಬೇಕು, ತಾಳ್ಮೆಯಿಂದಿರಬೇಕು ಎಂದು ಬರೆದುಕೊಟ್ಟ. ತಾಳ್ಮೆ! ಎರಡು ದಿನ ಮೂಸಿದೆ. ನಾಲ್ಕು ಬಾಟಲಿಗಳೂ ಖಾಲಿ ಬಾಟಲಿಗಳ ಹಾಗೇ ಇದ್ದವು. ಮೂರನೆಯ ದಿನ ಅನ್ನಿಸಿತು, ಇಷ್ಟು ಸಣ್ಣ ಬಾಟಲಿಗೆ ಏಳುವ ಮೂಗಲ್ಲ ನನ್ನದು. ಅದು ಚೀಲ ಚೀಲ ಜೋಳ ಮೂಸಿ ಬೆಳೆದದ್ದು. ಅದನ್ನು ಎಬ್ಬಿಸಬೇಕಾದರೆ ಮಾರ್ಕೆಟ್ಟಿಗೇ ಹೋಗಬೇಕು.

ಹಾಗೆ ಶುರುವಾಯಿತು ನನ್ನ ತಿರುಗಾಟ. ನಾನು ಠಾಣೆಯ ಒಂದು ಶಾಲೆಯ ಆಫೀಸಿನಲ್ಲಿ ಕ್ಲಾರ್ಕು, ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ಸೀದಾ ಮನೆಗೆ ಬರುತ್ತಿದ್ದವಳು ಈಗ ಸ್ಟೇಷನ್ನಿನ ಹೊರಗಿನ ಮಾರ್ಕೆಟ್ಟಿನಲ್ಲಿ ಸುತ್ತತೊಡಗಿದೆ. ಕೊತ್ತಂಬರಿ ಕಟ್ಟು ಎತ್ತಿ ಮೂಸುವುದು, ಕೆಳಗಿಡುವುದು. ಪುದೀನಾ ಎತ್ತುವುದು, ಎಲೆ ಹಿಸುಕುವುದು, ಮೂಸುವುದು, ಕೆಳಗಿಡುವುದು. ನಾಲ್ಕನೆಯ ದಿನ ಭಾಜಿಯವಳಿಗೆ ತಲೆ ಕೆಟ್ಟಿತು. "ಅಹೋ ತಾಯಿ, ಘ್ಯಾಯಚಂ ಅಸೇಲ್ ತರ್ ಘ್ಯಾ! ರೋಜ್ ನುಸತಾ ವಾಸ ಘೇತಾ!" ಕೊಳ್ಳುವುದಾದರೆ ಕೊಳ್ಳಿ, ದಿನಾ ಬರೀ ವಾಸನೆ ತಗೊಂಡು ಹೋಗುತ್ತೀರಿ ಎಂದು ಆಕೆಯ ದೂರು. ವಾಸನೆಯನ್ನಾದರೂ ತಗೊಂಡು ಹೋಗಿದ್ದರೆ ನಾನು ಆಕೆಗೆ ಕೈಮುಗಿಯುತ್ತಿದ್ದೆ. ಎರಡು ಕಟ್ಟು ಪುದೀನಾ ಕೊಂಡು ಬಂದೆ. ಮನೆಯಲ್ಲಿ ಆ ತಿಂಗಳು ಪುದೀನಾದ ಚಟ್ನಿ, ಪುದೀನಾದ ಅನ್ನ, ಪುದೀನಾದ ಮಜ್ಜಿಗೆ.

ತುರ್ಭೆಯ ಮಸಾಲೆ ಮಾರ್ಕೆಟ್ಟಿಗೆ ಒಂದು ರಜೆಯ ದಿನ ಹೋದೆ. ಒಣಮೆಣಸಿನಕಾಯಿಯ ಗೋದಾಮುಗಳ ಸಾಲಿನಲ್ಲಿ ಹಮಾಲರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಚೀಲ ಹೊರುತ್ತಿದ್ದರು. ಅವರ ನಡುವೆ ನಾನು ಬಾಯಿ ಮುಚ್ಚಿ, ಮೂಗು ಅರಳಿಸಿ, ಉಸಿರು ಎಳೆಯುತ್ತ ನಡೆದೆ. ಎರಡೇ ನಿಮಿಷದಲ್ಲಿ ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಸೀನು. ಆಹಾ, ಬಂತು ಎಂದುಕೊಂಡೆ! ಖುಷಿಗೆ ಅಲ್ಲೇ ಒಂದು ಟಪರಿಯಲ್ಲಿ ಶುಂಠಿ ಚಹಾ ಹೇಳಿ, ಲೋಟ ಮೂಗಿನ ಹತ್ತಿರ ತಂದರೆ ಬರೀ ಬಿಸಿ. ಮೆಣಸಿನಕಾಯಿಯದು ಉರಿ, ಅದು ವಾಸನೆಯಲ್ಲ ಎಂದು ಡಾಕ್ಟರು ಆಮೇಲೆ ತಿಳಿಸಿ ಹೇಳಿದ. ಅವತ್ತು ಸಿಟ್ಟಿನಲ್ಲಿ ಕೊಂಡದ್ದೇ ಆ ಇಂಗು. ಅದರ ಮುಂದಿನ ಕತೆ ನಿಮಗೆ ಗೊತ್ತು.

ಈ ತಿರುಗಾಟದಲ್ಲಿ ನನಗೆ ಒಂದು ವಿಚಿತ್ರ ಗೊತ್ತಾಯಿತು. ವಾಸನೆ ಇಲ್ಲದ ಮಾರ್ಕೆಟ್ಟು ಬಹಳ ಗದ್ದಲದ ಜಾಗ. ಮೊದಲು ನಾನು ಮಾರ್ಕೆಟ್ಟಿನಲ್ಲಿ ದಾರಿ ಹಿಡಿಯುತ್ತಿದ್ದದ್ದೇ ಮೂಗಿನಿಂದ. ಹೂವಿನ ಸಾಲು ಮುಗಿದು ಬೆಲ್ಲದ ಸಾಲು ಶುರುವಾಯಿತೆಂದು ತಲೆಯೆತ್ತದೆ ತಿಳಿಯುತ್ತಿತ್ತು. ಈಗ ಬರೀ ಕೂಗು, ಹಾರ್ನು, ಮೈಗೆ ಮೈ ತಾಗುವ ಜನ. ಕಲ್ಯಾಣದಲ್ಲಿ, ನಾನು ಹುಟ್ಟಿದ ಪೇಟೆಯಲ್ಲೇ, ಎರಡು ಸಲ ದಾರಿ ತಪ್ಪಿದೆ. ಅಪ್ಪನ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ, ಅದಕ್ಕೆ ನನಗೆ ಅಷ್ಟು ದುಃಖವಿಲ್ಲ. ಆದರೆ ಆ ಓಣಿಯಲ್ಲಿ ಕಣ್ಣು ಮುಚ್ಚಿ ನಿಂತರೆ ಅಪ್ಪನ ಬೊಗಸೆ ನೆನಪಿಗೆ ಬರುತ್ತಿತ್ತು, ಅದು ಬರಲಿಲ್ಲ. ಮುಖ ನೆನಪಾಯಿತು, ಧ್ವನಿ ನೆನಪಾಯಿತು, ಬೊಗಸೆ ಖಾಲಿ. ಅವತ್ತು ಮಾತ್ರ ನಿಜವಾಗಿ ಹೆದರಿದೆ.

ನಮ್ಮ ಮಗಳು ಅನಘಾ ಮಹಾಪೆಯಲ್ಲಿ ಕೆಲಸ ಮಾಡುತ್ತಾಳೆ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ನಾನು ಸಂಜೆ ಸಂಜೆ ಎಲ್ಲೆಲ್ಲೋ ಸುತ್ತುತ್ತೇನೆಂದು ಅವಳಿಗೆ ಅನುಮಾನ ಬಂದು, ಒಂದು ಶನಿವಾರ ತಾನೇ ನವಿ ಮುಂಬೈಯ ಒಂದು ಮಾಲಿನ ಫುಡ್ ಹಾಲಿಗೆ ಕರೆದುಕೊಂಡು ಹೋದಳು. ಮಾರ್ಕೆಟ್ಟೇ ಬೇಕಾದರೆ ಒಳ್ಳೆಯದನ್ನು ನೋಡು ಎಂದು ಇರಬೇಕು. ಅಬ್ಬಾ, ಏನು ಚೊಕ್ಕಟ! ಟೊಮೆಟೊಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿವೆ. ಕೊತ್ತಂಬರಿಗೆ ಪ್ಲಾಸ್ಟಿಕ್ಕಿನ ಅಂಗಿ. ಹತ್ತಾರು ದೇಶಗಳ ಅಡುಗೆ ಗಾಜಿನ ಆಚೆ ಕುದಿಯುತ್ತಿದೆ, ಈಚೆ ಬರೀ ತಣ್ಣನೆಯ ಗಾಳಿ. ನನಗೆ ಬಹಳ ಹಾಯೆನಿಸಿತು. ಇಲ್ಲಿ ಎಲ್ಲರೂ ನನ್ನ ಹಾಗೇ ಇದ್ದಾರೆ, ಯಾರಿಗೂ ಏನೂ ವಾಸನೆ ಬರುತ್ತಿಲ್ಲ, ಆದರೂ ನಗುನಗುತ್ತ ತಿನ್ನುತ್ತಿದ್ದಾರೆ.

ಚೀಸಿನ ಕಟ್ಟೆಯ ಹುಡುಗಿ ಕಡ್ಡಿಗೆ ಚುಚ್ಚಿದ ಒಂದು ತುಂಡನ್ನು ನನ್ನ ಕೈಗೆ ಕೊಟ್ಟಳು, ಹಸಿರು ಬೂಷ್ಟು ಹಿಡಿದದ್ದು. "ಆಯಿ, ಥಾಂಬ್," ಎಂದು ತಡೆಯುತ್ತ ಅನಘಾ ಮೂಗು ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಹೋದಳು. ನಾನು ಬಾಯಿಗೆ ಹಾಕಿಕೊಂಡು ನೆಮ್ಮದಿಯಾಗಿ ಅಗಿದೆ. ಬೆಣ್ಣೆಯ ಹಾಗೆ ಮೆತ್ತಗಿತ್ತು. "ಚಲೋ ಅದ," ಅಂದೆ. ಚೀಸಿನ ಹುಡುಗಿಗೇ ಆಶ್ಚರ್ಯವಾಯಿತು. ಅನಘಾ ನನ್ನ ಮುಖವನ್ನೇ ನೋಡುತ್ತ ನಿಂತಳು.

"ಆಯಿ, ತುಲಾ ವಾಸ ಯೇತ್ ನಾಹಿ?"

ನಿನಗೆ ವಾಸನೆ ಬರುವುದಿಲ್ಲವೇ ಎಂದು ಕೇಳಿದ ಮಗಳಿಗೆ ಬೆನ್ನು ಹಾಕಿ, ಕಡ್ಡಿ ಎಸೆಯಲು ಕಸದ ಬುಟ್ಟಿ ಹುಡುಕಿದೆ.

"ಕಧೀಪಾಸೂನ್?"

"ಹೋಳಿಯಿಂದ," ಅಂದೆ. ಹೇಳಿದ ಮೇಲೆ ಅಲ್ಲೇ ಒಂದು ಎತ್ತರದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವಳು ನನ್ನ ಬೆನ್ನು ಸವರಿದಳು, ಬೈದಳು, ಮತ್ತೆ ಸವರಿದಳು. ಶ್ರಾದ್ಧಕ್ಕೆ ಇನ್ನು ಹತ್ತು ದಿನವಿದೆ, ಅಜ್ಜಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡೆ. "ಸಿಂಪಲ್ ಆಹೇ," ಅಂದಳು. "ಚಾಖೂನ್ ಬಘ್. ಕೋಣ್ ಬಘತಂಯ್?" ರುಚಿ ನೋಡಿಬಿಡು, ಯಾರು ನೋಡುತ್ತಾರೆ ಎಂದು. ನನಗೆ ಎಲ್ಲಿತ್ತೋ ಸಿಟ್ಟು! "ನಿಮ್ಮಜ್ಜ ನೋಡ್ತಾನ," ಎಂದು ಎಷ್ಟು ಜೋರಾಗಿ ಅಂದೆನೆಂದರೆ ಪಕ್ಕದವರ ಕಾಫಿ ಅಲುಗಿತು. ಅಜ್ಜ ನೋಡುತ್ತಾನೆ ಎಂದು ನಾನು ನಂಬಿದ್ದೇನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಆದರೆ ಹದಿನಾಲ್ಕು ವರ್ಷ ನೆಟ್ಟಗೆ ಮಾಡಿದ ಕೆಲಸದಲ್ಲಿ ಈಗ ಕಳ್ಳತನ ಮಾಡಲು ಕೈ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ನನ್ನ ಕಾಲಿಗೆ ಚಕ್ರ ಬಂದ ಹಾಗಾಯಿತು. ಠಾಣೆ, ತುರ್ಭೆ, ಕಲ್ಯಾಣ. ಹಲಸಿನ ಹಣ್ಣಿನ ಗಾಡಿ, ಹೂವಿನ ರಾಶಿ, ಹುಳಿ ಹಿಡಿದ ಹಾಲಿನ ಡೈರಿ. ಒಂದು ಕಡೆ ನಿಂತರೆ ಇನ್ನೊಂದು ಕಡೆ ವಾಸನೆ ಕಾಯುತ್ತಿದೆ ಅನ್ನಿಸುತ್ತಿತ್ತು. ಶ್ರಾದ್ಧಕ್ಕೆ ಇನ್ನು ಒಂದು ವಾರ ಅನ್ನುವಾಗ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂರನೆಯ ಸಲ ದಾರಿ ತಪ್ಪಿ, ನಾನು ಹುಟ್ಟಿದಾಗಿನಿಂದ ಕಾಲಿಡದ ಒಂದು ಓಣಿಗೆ ಹೊಕ್ಕೆ. ಒಣಮೀನಿನ ಓಣಿ. ಮಳೆಗಾಲದಲ್ಲಿ ದೋಣಿ ಸಮುದ್ರಕ್ಕೆ ಇಳಿಯುವುದಿಲ್ಲವಾದ್ದರಿಂದ ಜನ ಮೊದಲೇ ಒಣಮೀನು ಕೊಂಡಿಡುತ್ತಾರೆ, ಆಗ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಿಕ್ಕವಳಿದ್ದಾಗ ಆ ಓಣಿಯ ಬಾಯಿಗೆ ಬಂದರೆ ಉಸಿರು ಹಿಡಿದು ಓಡುತ್ತಿದ್ದೆ. ಈಗ ಓಡುವ ಕಾರಣವಿರಲಿಲ್ಲ, ನಡೆದೆ. ನಡುವಿನಲ್ಲಿ ಒಂದು ಕಡೆ ಕಾಲು ತಾನಾಗಿ ನಿಂತಿತು.

ಏನೋ ಬಂತು. ಬಹಳ ತೆಳ್ಳಗೆ, ಗೋಡೆಯ ಆಚೆಯಿಂದ ಯಾರೋ ಕರೆದ ಹಾಗೆ. ಕೆಟ್ಟ ವಾಸನೆ. ಹೊಟ್ಟೆ ತೊಳೆಸುವಂಥ, ಉಪ್ಪುಪ್ಪಾದ, ಸತ್ತ ವಾಸನೆ. ನನ್ನ ಜನ್ಮದಲ್ಲಿ ಅಷ್ಟು ಸೊಗಸಾದದ್ದನ್ನು ನಾನು ಮೂಸಿರಲಿಲ್ಲ. ಬಗ್ಗಿ, ಬುಟ್ಟಿಯ ಹತ್ತಿರಕ್ಕೆ ಮುಖ ಒಯ್ದು, ಕಣ್ಣು ಮುಚ್ಚಿ ಎಳೆದುಕೊಂಡೆ. ಕಣ್ಣಿಂದ ನೀರು ಇಳಿಯಿತು. ಬುಟ್ಟಿಯ ಹಿಂದೆ ಕುಳಿತ ಮೀನುಗಾರ ಹೆಂಗಸು ಗಾಬರಿಯಾಗಿ, "ಕಾಯ ಝಾಲಂ ತಾಯ್? ಜವಳಾ ಚಾಂಗಲಾ ಆಹೇ," ಅಂದಳು. ತನ್ನ ಜವಳಾ, ಅಂದರೆ ಒಣ ಸಿಗಡಿ, ಚೆನ್ನಾಗಿಯೇ ಇದೆ, ಈಕೆ ಯಾಕೆ ಅಳುತ್ತಾಳೆ ಎಂದು ಅವಳ ಚಿಂತೆ. "ಖೂಪ್ ಚಾಂಗಲಾ ಆಹೇ," ಅಂದೆ, ಸೆರಗಿನಿಂದ ಕಣ್ಣೊರೆಸಿಕೊಂಡು.

ಮಾರನೆಯ ದಿನ ಮತ್ತೆ ಹೋದೆ. ಅದರ ಮಾರನೆಯ ದಿನವೂ. ಬೇರೆ ಯಾವ ವಾಸನೆಯೂ ಬರುತ್ತಿರಲಿಲ್ಲ, ಇದೊಂದೇ. ಇದನ್ನೇ ಹಿಡಿದು ಎಳೆದರೆ ಹಿಂದಿನಿಂದ ಸಾರಿನ ಹಬೆಯೂ ಬಂದೀತು ಎಂದು ನನ್ನ ಲೆಕ್ಕ. ಮೂರನೆಯ ದಿನ ಬುಟ್ಟಿಯ ಮೇಲೆ ಬಗ್ಗಿದ್ದಾಗ ಹಿಂದಿನಿಂದ ಒಂದು ಕೈ ಹೆಗಲ ಮೇಲೆ ಬಿತ್ತು.

"ಅಯ್ಯೋ ಸುಧಕ್ಕ! ಎಂತ ಮಾರಾಯ್ರೆ, ನೀವು ಇಲ್ಲಿ?"

ನಮ್ಮ ವಸತಿ ಸೊಸಾಯ್ಟಿಯ ಮೂರನೇ ಮಾಳಿಗೆಯ ಸುಮತಿ, ಉಡುಪಿಯ ಕಡೆಯವಳು. ಅವಳ ಗಂಡನದು ಡೊಂಬಿವಲಿಯಲ್ಲಿ ಹೋಟೆಲು. ಒಳ್ಳೆಯ ಜೀವ, ಸ್ವಲ್ಪ ಜಾಸ್ತಿಯೇ ಒಳ್ಳೆಯ ಜೀವ. ನನ್ನ ಮುಖ ನೋಡಿ ಅವಳಿಗೆ ಎಲ್ಲ ಅರ್ಥವಾಗಿಬಿಟ್ಟಿತು; ಅಂದರೆ ಎಲ್ಲ ತಪ್ಪಾಗಿ ಅರ್ಥವಾಯಿತು. "ಹೆದರ್ಬೇಡಿ, ನಾನು ಯಾರ ಹತ್ರವೂ ಹೇಳುದಿಲ್ಲ. ಬಾಯಿಗೆ ಆಸೆ ಆಗುದಿಲ್ವಾ ಮನುಷ್ಯರಿಗೆ? ನಿಮಗೆ ಮಾಡ್ಲಿಕ್ಕೆ ಗೊತ್ತುಂಟಾ?" ಎಂದು ಪಿಸುಗುಟ್ಟಿದಳು. ನಾನು ಏನೋ ತೊದಲಿದೆ. ಮೂಗು ಹೋದ ಸುದ್ದಿ ಇವಳಿಗೆ ಹೇಳಿದರೆ ಸಂಜೆಯೊಳಗೆ ಸೊಸಾಯ್ಟಿಗೆಲ್ಲ ಗೊತ್ತಾಗುತ್ತದೆ ಎಂದು ಸುಮ್ಮನೆ ಇಲ್ಲವೆಂದು ತಲೆಯಾಡಿಸಿದೆ.

ಮಾತಿಗೆ ತಕ್ಕ ಹಾಗೆ ಅವಳು ಯಾರ ಹತ್ತಿರವೂ ಹೇಳಲಿಲ್ಲ. ಎರಡು ದಿನ ಬಿಟ್ಟು ಮಧ್ಯಾಹ್ನ, ನಾನು ಶಾಲೆಯಲ್ಲಿದ್ದಾಗ, ಒಂದು ಸ್ಟೀಲಿನ ಡಬ್ಬಿಯಲ್ಲಿ ತೆಂಗಿನಕಾಯಿ ಹಾಕಿ ಮಾಡಿದ ಒಣ ಸಿಗಡಿ ಚಟ್ನಿ ತಂದು, ಬಾಗಿಲು ತೆರೆದ ನಮ್ಮ ಅತ್ತೆಯ ಕೈಗೇ ಕೊಟ್ಟು, "ಸುಧಕ್ಕನಿಗೆ ಕೊಡಿ, ಅವರಿಗೆ ಇಷ್ಟ," ಎಂದು ಹೇಳಿ ಹೋದಳು.

ನಾನು ಮನೆಗೆ ಬಂದಾಗ ಡಬ್ಬಿ ಗ್ಯಾಲರಿಯಲ್ಲಿ ಕಸಬರಿಗೆಯ ಪಕ್ಕದಲ್ಲಿತ್ತು. ಅತ್ತೆ ಅದಕ್ಕೆ ಎದುರಾಗಿ ಕುರ್ಚಿ ಹಾಕಿಕೊಂಡು ಕಾವಲು ಕುಳಿತಿದ್ದರು.

"ಸುಧಾ, ಇಲ್ಲೆ ಕೂಡು," ಅಂದರು. ಕುಳಿತೆ. "ನಿನಗ ತಿನಬೇಕನಸಿದ್ರ ತಿನ್ನು. ಹೊರಗ ತಿಂದು ಬಾ, ನಾ ಕೇಳೂದಿಲ್ಲ. ಆದ್ರ ಮೂರು ದಿನಕ್ಕ ಅವರ ಶ್ರಾದ್ಧ ಅದ. ಈ ಕೈಲೆ ಹ್ಯಾಂಗ ಅಡಗಿ ಮಾಡ್ತೀ ಹೇಳು."

ನನಗೆ ಮೊದಲು ನಗು ಬಂತು. ಆಮೇಲೆ ಅಳು ಬಂತು, ಅದು ನಿಲ್ಲಲೇ ಇಲ್ಲ. ಅತ್ತುಕೊಂಡೇ ಎಲ್ಲ ಹೇಳಿದೆ: ಜ್ವರ, ಡಾಕ್ಟರು, ಇಂಗು, ಮೀನಿನ ಓಣಿ. ಅಡುಗೆಯನ್ನು ಈ ಸಲ ಯಾರಿಂದಲಾದರೂ ಮಾಡಿಸಿ, ನನ್ನಿಂದ ಆಗುವುದಿಲ್ಲ ಎಂದೂ ಹೇಳಿದೆ. ಅತ್ತೆ ಬಯ್ಯಲಿಲ್ಲ. ಅವರ ಮುಖ ಮಾತ್ರ ಬದಲಾಗತೊಡಗಿತು.

"ಹೋಳಿ ಹುಣ್ಣಿವಿಯಿಂದ?" ಎಂದು ಕೇಳಿದರು.

"ಹೌದ್ರಿ."

"ಅಂದ್ರ ಸಾರಿನ್ಯಾಗ ಉಪ್ಪು ಖರೇನ ಹೆಚ್ಚಾಗಿತ್ತು?"

"ಯಾವತ್ತಿನ ಸಾರು, ಅತ್ತಿ?"

"ದಿನಾದ್ದೂ."

ನಾನು ತಲೆ ತಗ್ಗಿಸಿದೆ. ಅತ್ತೆ ಗ್ಯಾಲರಿಯ ಆಚೆ ನೋಡಿದರು. ಕೆಳಗೆ ರಿಕ್ಷಾಗಳು ಹೋಗುತ್ತಿದ್ದವು.

"ನಾ ನನ್ನ ನಾಲಿಗಿನ ಕೆಟ್ಟತು ಅಂತ ತಿಳದಿದ್ದೆ," ಅಂದರು ಕೊನೆಗೆ. "ನಿನ್ನ ಕೈ ತಪ್ಪತದ ಅಂತ ಅನಸಲೇ ಇಲ್ಲ ನನಗ. ನಮ್ಮವ್ವಗ ಕಡೀಕ ಹಿಂಗ ಆಗಿತ್ತು. ಏನ ಕೊಟ್ರೂ ಉಪ್ಪುಪ್ಪು ಅಂತಿದ್ಲು. ಆರು ತಿಂಗಳದಾಗ ಹೋದ್ಲು. ನನಗೂ ಬಂತು ಅಂತ ಸುಮ್ಮನ ಉಂಡೆ. ನಿಮಗ ಯಾಕ ಅಂಜಸೂದು ಅಂತ ಹೇಳಲಿಲ್ಲ. ಮೊನ್ನೆ ಅನಘಾಗ ನನ್ನ ಇಳಕಲ್ ಸೀರಿ ಕೊಟ್ಟೆನಲಾ, ಯಾಕ ಕೊಟ್ಟೆ ಅಂತ ಮಾಡಿದ್ದಿ?"

ನಾನು ಅವರ ಕಾಲ ಮೇಲೆ ತಲೆ ಇಟ್ಟೆ. ಮೂರು ತಿಂಗಳು ನಾನು ನನ್ನ ಮೂಗಿನ ಮರ್ಯಾದೆ ಕಾಯುತ್ತ ಊರೂರು ತಿರುಗಿದೆ. ಮನೆಯಲ್ಲಿ ಈ ಜೀವ ನನ್ನ ಸಾರು ಉಂಡು ಉಂಡು ತನ್ನ ಸಾವನ್ನು ಕಾಯುತ್ತ ಕುಳಿತಿತ್ತು. ಉಪ್ಪು ಸರಿಯಿದೆಯೇ ಎಂದು ನಾನು ಒಂದು ಸಲ ಕೇಳಿದ್ದರೆ ಸಾಕಿತ್ತು. ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ, ಇವತ್ತಿಗೂ ಅದು ಹೋಗಿಲ್ಲ.

ಅತ್ತೆ ಇದ್ದಕ್ಕಿದ್ದಂತೆ ಎದ್ದರು. ಕಸಬರಿಗೆಯ ಪಕ್ಕದ ಡಬ್ಬಿಯನ್ನು ಸೆರಗಿನ ತುದಿಯಿಂದ ಎತ್ತಿ, ಮುಖ ಆಚೆ ತಿರುಗಿಸಿ, ಮುಚ್ಚಳ ತೆಗೆದು, ಕೈ ಉದ್ದ ಮಾಡಿ ನನ್ನ ಮೂಗಿನ ಕೆಳಗೆ ಹಿಡಿದರು. ಈರುಳ್ಳಿ ಮುಟ್ಟಿದರೂ ಮೂರು ಸಲ ಕೈ ತೊಳೆಯುವ ಹೆಂಗಸು ಅವರು.

"ಇದರದು ಬರ್ತದ?"

"ಬರ್ತದ್ರಿ. ಸ್ವಲ್ಪ."

"ಅಂದ್ರ ಮೂಗು ಪೂರಾ ಹೋಗಿಲ್ಲ. ಉಳದದ್ದೂ ಬರ್ತದ. ಏಳು, ಸ್ನಾನ ಮಾಡು," ಎಂದು ಮುಚ್ಚಳ ಹಾಕಿ, ತಾವೂ ಸ್ನಾನಕ್ಕೆ ಹೋದರು.

ಶ್ರಾದ್ಧದ ದಿನ ಬೆಳಗ್ಗೆ ಅತ್ತೆ ಮಡಿ ಉಟ್ಟು ಅಡುಗೆಮನೆಯ ಒಳಗೇ ಒಂದು ಮಣೆ, ಮಣೆಯ ಮೇಲೆ ಇನ್ನೊಂದು ಮಣೆ ಹಾಕಿಸಿ ಕುಳಿತರು. ಮೊಣಕಾಲು ಮಡಚಲಾರದೆ ಒಂದು ಕಾಲು ಉದ್ದ ಬಿಟ್ಟಿದ್ದರು. ನಾನು ಮಾಡುವುದು, ಅವರು ಹೇಳುವುದು. ಬಾಳೆಕಾಯಿ ಪಲ್ಯಕ್ಕೆ ಸಾಕು. ಹಾಗಲಕಾಯಿಗೆ ಇನ್ನಷ್ಟು ಬೆಲ್ಲ. ಮೆಣಸಿನ ಸಾರು ಕುದಿ ಬಂದಾಗ ನಾನು ಉಪ್ಪಿನ ಬಟ್ಟಲು ಹಿಡಿದು ಅವರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿದರು. ಹದಿನಾಲ್ಕು ವರ್ಷಗಳ ಮೇಲೆ ಅವರ ಮುಖಕ್ಕೆ ಹಬೆ ಬಡಿಯುತ್ತಿತ್ತು.

"ಇನ್ನೊಂದು ಚಿಟಿಕಿ."

ಹಾಕಿದೆ.

"ಸಾಕು."

"ಖರೇನ, ಅತ್ತಿ?"

"ಸಾಕಂದೆನಲಾ!"

ಮಧ್ಯಾಹ್ನ ಎಲ್ಲ ವಿಧಿ ಮುಗಿದು, ಬಂದ ಬ್ರಾಹ್ಮಣರ ಊಟವಾಗಿ, ನಾವು ಮನೆಯವರು ಎಲೆ ಹಾಕಿಕೊಂಡು ಕುಳಿತೆವು. ನಮ್ಮ ಮನೆಯವರು, ಅನಘಾ, ಅತ್ತೆ, ಕೊನೆಗೆ ನಾನು. ಎಲೆಯ ಮೇಲಿದ್ದದ್ದರ ವಾಸನೆ ನನಗೆ ಒಂದಿಷ್ಟೂ ಬರುತ್ತಿರಲಿಲ್ಲ. ಅತ್ತೆ ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ನಾನು ಕೈ ಎಲೆಯ ಮೇಲಿಟ್ಟುಕೊಂಡು ಅವರ ದವಡೆಯನ್ನೇ ನೋಡುತ್ತಿದ್ದೆ. ಅವರು ನಿಧಾನಕ್ಕೆ ನುಂಗಿದರು. ಎರಡನೆಯ ತುತ್ತು ತಗೊಂಡರು. ಆಮೇಲೆ ತಲೆಯೆತ್ತಿ, ಎಲ್ಲರಿಗೂ ಕೇಳುವ ಹಾಗೆ, ಮೂರು ತಿಂಗಳಲ್ಲಿ ಮೊದಲ ಸಲ ನನ್ನ ಅಡುಗೆಗೆ ಹೆಸರಿಟ್ಟರು.

"ಉಪ್ಪು ಕಡಿಮಿ ಆಗೇದ."

"ಮೂಗು ನಿಮ್ಮದು, ಅತ್ತಿ," ಅಂದೆ.

ಅತ್ತೆ ನನ್ನನ್ನು ನೋಡಿದರು. ತುತ್ತು ಬಾಯಲ್ಲಿದ್ದ ಹಾಗೇ ನಗು ಬಂದು ಕೆಮ್ಮತೊಡಗಿದರು. ಅನಘಾ ಎದ್ದು ಅವರ ಬೆನ್ನು ತಟ್ಟಿದಳು, ನಾನು ನೀರಿನ ಲೋಟ ಹಿಡಿದು ಕುಳಿತೆ. ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡು, ಎಲೆಯನ್ನು ನನ್ನ ಕಡೆ ಸ್ವಲ್ಪ ಸರಿಸಿ, "ಹಾಕು, ಇನ್ನಷ್ಟು ಸಾರು ಹಾಕು," ಅಂದರು.